ಕಪ್ಪೆಯನ್ನು ಕೇಳಿ ನೀರು ತುಂಬಿಸುತ್ತಿದ್ದವರು

ಬಿಸಿಲಿಗೆ ಕಾದ ರಬ್ಬರ್ ಪೈಪಿನಿಂದ ಮೊದಲು ಬರುವ ನೀರಿಗೆ ಒಂದು ವಾಸನೆಯಿದೆ. ಅರ್ಧ ರಬ್ಬರು, ಅರ್ಧ ಪಾಚಿ. ಮೊನ್ನೆ ನಮ್ಮ ಬೀದಿಗೆ ಟ್ಯಾಂಕರ್ ಬಂದಿತ್ತು. ಎದುರು ಮನೆಯವರು ಪೈಪಿನ ತುದಿಯನ್ನು ನೆಲದಡಿಯ ಸಂಪಿನೊಳಗೆ ಇಳಿಬಿಟ್ಟಾಗ ಆ ವಾಸನೆ ನಾನು ಕೂತಿದ್ದ ಕಿಟಕಿಯವರೆಗೂ ಬಂತು. ವಾಸನೆಯಿಂದ ನೆನಪು ಬರುತ್ತದೆ ಎನ್ನುವುದು ಕಥೆ ಬರೆಯುವವರ ಚಟ ಎಂದು ಹಿಂದೆ ಯಾರ ಜೊತೆಗೋ ಜೋರಾಗಿ ವಾದ ಮಾಡಿದ್ದೆ. ಆ ವಾದವನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಮ್ಮ ವ್ಯಾನಿನ ಪೈಪಿಗೂ ಇದೇ ವಾಸನೆಯಿತ್ತು. ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಬಾವಿಯ ಕಡೆ ನಡೆಯುತ್ತಿದ್ದವರನ್ನು ನಾವು ಡ್ರೈವರಣ್ಣ ಎನ್ನುತ್ತಿದ್ದೆವು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಡಿಗ್ರಿ ಎರಡನೇ ವರ್ಷ ಮುಗಿಸಿದ್ದೆ. ಚರ್ಚಾಸ್ಪರ್ಧೆಯಲ್ಲಿ ಪರವಾಗಿ ಮಾತಾಡು ಅಂದರೆ ಪರ, ವಿರೋಧ ಅಂದರೆ ವಿರೋಧ, ಎರಡರಲ್ಲೂ ಗೆದ್ದು ಬರುತ್ತಿದ್ದೆ. ಆ ಬೇಸಿಗೆ ಒಂದು ಸಂಸ್ಥೆಯವರು ಹಳ್ಳಿಗಳಲ್ಲಿ ವಿಜ್ಞಾನ ಪ್ರಚಾರಕ್ಕೆಂದು ಕಳಿಸಿದ ವ್ಯಾನು ಹತ್ತಿದೆ. ನಾವು ಮೂರೇ ಜನ. ತಂಡಕ್ಕೆ ಹಿರಿಯರಾಗಿ ಒಬ್ಬ ನಿವೃತ್ತ ಮೇಷ್ಟ್ರು, ಡ್ರೈವರಣ್ಣ, ಭಾಷಣಕ್ಕೆ ನಾನು. ಗೌರಿಬಿದನೂರಿನಿಂದ ಹೊರಟು ಅಲೀಪುರ, ಪೆರೇಸಂದ್ರ, ಶಿಡ್ಲಘಟ್ಟ ಎಂದು ಸುತ್ತುತ್ತ ಚಿಂತಾಮಣಿಗೆ ಹೋಗಿ ಮುಗಿಸಬೇಕು. ಅಂಗೈ ಮೇಲೆ ಕರ್ಪೂರ ಉರಿಸುವುದು, ನಿಂಬೆಹಣ್ಣು ಕೊಯ್ದರೆ ರಕ್ತ ಬರಿಸುವುದು, ಆಮೇಲೆ ಅದರ ಗುಟ್ಟು ಬಿಡಿಸಿ ಹೇಳಿ ಮಂತ್ರವಾದಿಗಳನ್ನು ಗೇಲಿ ಮಾಡುವುದು, ಇದು ನನ್ನ ಕೆಲಸ.

ಊಟ, ನಿದ್ದೆ ಎಲ್ಲ ವ್ಯಾನಿನಲ್ಲೇ. ಹಿಂದಿನ ಸೀಟಿನಡಿ ತಗಡಿನ ಒಂದು ನೀರಿನ ತೊಟ್ಟಿ, ಅದಕ್ಕೊಂದು ನಲ್ಲಿ. ಎರಡು ದಿನಕ್ಕೆ ತೊಟ್ಟಿ ಬರಿದಾಗುತ್ತಿತ್ತು. ಊರು ಹತ್ತಿರವಿದ್ದರೆ ಕೈಪಂಪು, ಇಲ್ಲದಿದ್ದರೆ ದಾರಿಯಲ್ಲಿ ಸಿಕ್ಕಿದ ತೋಟದ ಬಾವಿ.

ಬಾವಿಯ ವಿಷಯದಲ್ಲಿ ಡ್ರೈವರಣ್ಣನದು ಒಂದು ಕ್ರಮ. ಚಪ್ಪಲಿ ಮೇಲೆ ಬಿಟ್ಟು ಮೆಟ್ಟಿಲಿಳಿದು, ಒಂದು ಕಲ್ಲು ಎಸೆದು ಸುಮ್ಮನೆ ನಿಲ್ಲುವರು. ಗೋಡೆಯ ಸಂದಿಯಿಂದ ಕಪ್ಪೆ ನೀರಿಗೆ ಹಾರಿದರೆ ಬಾವಿಯ ಪಂಪಿಗೆ ಪೈಪು ಸಿಕ್ಕಿಸುವರು. ಹಾರದಿದ್ದರೆ ಮೇಲೆ ಬಂದು ಗಾಡಿ ಸ್ಟಾರ್ಟ್ ಮಾಡುವರು. ತುಂಬಿದ ಮೇಲೂ ನಮಗೆ ಕೊಡುತ್ತಿರಲಿಲ್ಲ. ಮೊದಲ ಚೊಂಬು ಅವರೇ ಕುಡಿಯಬೇಕು. ಆಮೇಲೆ ಒಂದು ಗಂಟೆ ತೊಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ.

ನಾನು ಬಿಡುತ್ತೇನೆಯೇ. ಬೋರ್‌ವೆಲ್ ನೀರಲ್ಲಿ ಕಪ್ಪೆ ಇರಲ್ಲ, ಅದನ್ನು ಊರೆಲ್ಲ ಕುಡಿಯುತ್ತೆ; ಕಪ್ಪೆಯಿರುವ ಎಷ್ಟೋ ಕೆರೆ-ಕುಂಟೆಯ ನೀರು ಕುಡಿದರೆ ಭೇದಿ ಹತ್ತುತ್ತೆ; ಹಾಗಾದರೆ ನಿಮ್ಮ ಕಪ್ಪೆ ಏನನ್ನು ಸಾಬೀತು ಮಾಡಿತು, ಎಂದು ಕೇಳಿದೆ. ಅವರು ನಕ್ಕು, "ಏಮಪ್ಪ ಲಾಯರಪ್ಪ, ನಿಂದೇ ಸರಿ. ಆದ್ರೂ ಕಪ್ಪೆ ಹಾರ್ಲಿ, ತುಂಬ್ಸಣ" ಅಂದರು.

ಕಾರಣವನ್ನು ಅವರು ಒಂದು ಸಲ ಹೇಳಿದ್ದರು. ನಾನು ಆಗ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ. ಅವರ ಊರು ಕೆಂಚಾರ್ಲಹಳ್ಳಿಯ ಕಡೆ, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಪಕ್ಕದ ಹೊಲಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಹಿಪ್ಪುನೇರಳೆ ಎಲೆಯ ಮೇಲೆ ಕೂತರೆ ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಆ ಎಲೆ ಹಾಕಿದ ತಟ್ಟೆಯ ಹುಳಗಳೆಲ್ಲ ಹೊತ್ತು ಮುಳುಗುವಷ್ಟರಲ್ಲಿ ಸತ್ತಿರುತ್ತವೆ. ಸಣ್ಣ ಜೀವಕ್ಕೆ ಮೊದಲು ತಿಳಿಯುತ್ತೆ, ನಮಗೆ ಕೊನೆಗೆ... ಅವರು ಹೇಳಿದ್ದು ಇಷ್ಟೇ. ನನಗದು ಅಜ್ಜಿ ಕಥೆಯಂತೆ ಕೇಳಿಸಿತು.

ಶಿಡ್ಲಘಟ್ಟದ ಹತ್ತಿರ ಒಂದು ಊರಿನ ಶಾಲೆಯ ಮುಂದೆ ಭಾಷಣ ಮಾಡುವಾಗ ಅವರನ್ನೇ ಉದಾಹರಣೆ ಮಾಡಿದೆ. ಹೆಸರು ಹೇಳಲಿಲ್ಲ. ನಮ್ಮ ವಿಜ್ಞಾನದ ವ್ಯಾನಿನಲ್ಲೇ ಒಬ್ಬರಿದ್ದಾರೆ, ಕಪ್ಪೆ ಅಪ್ಪಣೆ ಕೊಡದೆ ನೀರು ಕುಡಿಯಲ್ಲ ಎಂದೆ. ಜನ ಬಿದ್ದು ಬಿದ್ದು ನಕ್ಕರು. ಕ್ಯಾಬಿನ್ನಿನಲ್ಲಿ ಕೂತಿದ್ದ ಡ್ರೈವರಣ್ಣನೂ ನಕ್ಕರು. ಮಾರನೆಯ ಬೆಳಿಗ್ಗೆ ಪೈಪನ್ನು ನನ್ನ ಹೆಗಲಿಗೆ ಹಾಕಿ, ಇನ್ನು ಮೇಲೆ ನೀರು ನೀನೇ ನೋಡ್ಕೊಳಪ್ಪ ಎಂದರು. ಕೋಪವೋ ತಮಾಷೆಯೋ ತಿಳಿಯಲಿಲ್ಲ. ಗೆದ್ದೆ ಅಂದುಕೊಂಡೆ.

ಅದಾದ ಮೂರನೆಯ ದಿನ ಒಂದು ದ್ರಾಕ್ಷಿ ತೋಟದ ಪಕ್ಕದಲ್ಲಿ ತೊಟ್ಟಿ ಬರಿದಾಯಿತು. ನಡುಮಧ್ಯಾಹ್ನ. ಮೇಷ್ಟ್ರು ಹೊಂಗೆ ಮರದಡಿ ಟವೆಲ್ ಹಾಸಿ ಮಲಗಿದ್ದರು. ಡ್ರೈವರಣ್ಣ ಗಾಡಿಯ ಕೆಳಗೆ ನುಸುಳಿ ಏನೋ ಬಿಗಿಯುತ್ತಿದ್ದರು. ಕರೆಂಟಿಲ್ಲದೆ ಪಂಪು ನಿಂತಿದ್ದರಿಂದ ನಾನು ಎರಡು ಬಿಂದಿಗೆ ಹಿಡಿದು ತೋಟದ ಬಾವಿಗೆ ಇಳಿದೆ.

ಅಂಥ ತಿಳಿ ನೀರನ್ನು ಆ ಪ್ರವಾಸದಲ್ಲಿ ನಾನು ಎಲ್ಲೂ ನೋಡಿರಲಿಲ್ಲ. ತಳದ ಬಂಡೆಯ ಬಿರುಕು ಕೂಡ ಎಣಿಸಬಹುದಿತ್ತು. ಒಂದು ಮೀನಿಲ್ಲ, ನೀರಿನ ಮೇಲೆ ಓಡಾಡುವ ಹುಳುವಿಲ್ಲ, ಬಾಯಾರಿ ಬಂದ ಹಕ್ಕಿಯಿಲ್ಲ. ನನ್ನ ಕಾಲಿನ ಸದ್ದು ಗೋಡೆಗೆ ಬಡಿದು ನನಗೇ ವಾಪಸು ಬರುತ್ತಿತ್ತು. ಮೇಲಿನ ಮೆಟ್ಟಿಲ ಹತ್ತಿರ ಒಂದು ನೀಲಿ ಡ್ರಮ್ಮು ಅಡ್ಡ ಬಿದ್ದಿತ್ತು, ಬಾಯಿ ಬಾವಿಯ ಕಡೆಗೆ. ಅದನ್ನು ನೋಡಿದೆ. ನೋಡಿಲ್ಲ ಅಂತ ಈಗ ಹೇಳಿದರೆ ಸುಳ್ಳಾಗುತ್ತದೆ. ಎಷ್ಟು ಚೊಕ್ಕಟ ನೀರು, ಕಪ್ಪೆಯ ಗಲೀಜೂ ಇಲ್ಲ ಎಂದು ಮನಸ್ಸಿನಲ್ಲೇ ಹೊಸ ವಾದ ಕಟ್ಟುತ್ತ ಬಿಂದಿಗೆ ಅದ್ದಿದೆ.

ತೊಟ್ಟಿ ತುಂಬುವ ಹೊತ್ತಿಗೆ ಡ್ರೈವರಣ್ಣ ಗಾಡಿಯಡಿಯಿಂದ ಹೊರಗೆ ಬಂದರು. ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಕೇಳಿದರು.

"ಕಪ್ಪೆ ಇತ್ತೇನಪ್ಪ?"

"ಇತ್ತಣ್ಣ. ನಿಮ್ಮನ್ನೇ ಕೇಳ್ತಿತ್ತು, ಡ್ರೈವರ್ ಯಾಕೆ ಬರ್ಲಿಲ್ಲ ಅಂತ."

ಅವರು ನಕ್ಕು ಚೊಂಬು ಹಿಡಿದರು. ಬಿಸಿಲಲ್ಲಿ ದುಡಿದ ಬಾಯಾರಿಕೆ. ಒಂದೇ ಉಸಿರಿಗೆ ಕುಡಿದು, ಮತ್ತೆ ಅರ್ಧ ಚೊಂಬು ಹಿಡಿದು ಅದನ್ನೂ ಕುಡಿದರು. ನಮಗೆ ಒಂದು ಗಂಟೆಯ ನಿಷೇಧ ಎಂದಿನಂತೆ ಇತ್ತು.

ಆ ಗಂಟೆ ಮುಗಿಯಲಿಲ್ಲ. ಮೇಷ್ಟ್ರನ್ನು ಎಬ್ಬಿಸಿ ಹೊರಟಿದ್ದೆವು. ಡ್ರೈವರಣ್ಣನ ಅಂಗಿ ಪೂರ್ತಿ ಒದ್ದೆಯಾಗಿದ್ದನ್ನು ಗಮನಿಸಿದೆ. ಬೇಸಿಗೆಯಲ್ಲವೇ ಅಂದುಕೊಂಡೆ. ಮತ್ತೆ ಮತ್ತೆ ಕಿಟಕಿಯಾಚೆ ಉಗುಳುತ್ತಿದ್ದರು. ಸ್ಟೇರಿಂಗ್ ಮೇಲಿನ ಬೆರಳುಗಳು ಅದುರುತ್ತಿದ್ದವು. ಗಾಡಿ ನಿಧಾನವಾಯಿತು. ಎದುರಿಗೆ ಬೆಳ್ಳಗೆ ಬಿಸಿಲು ಹೊಡೆಯುತ್ತಿದ್ದ ರಸ್ತೆ.

"ಮೋಡ ಮುಚ್ಕೊಂತೇನಪ್ಪ?" ಅಂದರು. "ಕತ್ಲೆ ಆಗ್ತಾ ಐತಲ್ಲ..."

ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ.

ಗಾಡಿಯನ್ನು ರಸ್ತೆಯ ಅಂಚಿಗೆ ತಂದು, ಬ್ರೇಕ್ ಎಳೆದು, ಆಮೇಲೆ ಪಕ್ಕಕ್ಕೆ ವಾಲಿದರು. ನನಗೂ ಮೇಷ್ಟ್ರಿಗೂ ಗಾಡಿ ಓಡಿಸಲು ಬರುತ್ತಿರಲಿಲ್ಲ. ಟೊಮೆಟೊ ಹೊತ್ತು ಹೋಗುತ್ತಿದ್ದ ಒಂದು ಲಾರಿಯ ಎದುರು ನಿಂತು ಕೈ ಅಡ್ಡ ಹಾಕಿದೆ. ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಯಾವ ಔಷಧಿ ಕುಡಿದರು ಎಂದರು. ಸಾಯಲು ಕುಡಿದವರು ಎಂದೇ ಅವರ ಲೆಕ್ಕ. ತೋಟದಲ್ಲಿ ವಿಚಾರಿಸಿದಾಗ ತಿಳಿಯಿತು, ಹಿಂದಿನ ದಿನ ದ್ರಾಕ್ಷಿಗೆ ಹೊಡೆಯಲು ಔಷಧಿ ಕಲಸಿಟ್ಟಿದ್ದ ಡ್ರಮ್ಮು ಉರುಳಿ ಬಾವಿಗೆ ಸುರಿದಿತ್ತು. ತೋಟದವರು ತಮ್ಮ ಕಡೆಯವರಿಗೆಲ್ಲ ಹೇಳಿದ್ದರಂತೆ. ದಾರಿಹೋಕರು ಬಂದು ತುಂಬಿಸಿಕೊಳ್ಳುತ್ತಾರೆ ಎಂದು ಯಾರು ಯೋಚಿಸುತ್ತಾರೆ...

ಜೀವ ಉಳಿಯಿತು. ಕೈ ನಡುಕ ಪೂರ್ತಿ ಹೋಗಲಿಲ್ಲ.

ಸಂಸ್ಥೆಯವರು ಬಂದು ವಿಚಾರಣೆ ಮಾಡಿದರು. ಗಾಡಿಯೂ ಅದರ ತೊಟ್ಟಿಯೂ ಡ್ರೈವರನ ಜವಾಬ್ದಾರಿ ಎಂದು ನಿಯಮವಿತ್ತು. ನೀರು ತುಂಬಿಸುವಾಗ ಮೇಷ್ಟ್ರು ನಿದ್ದೆಯಲ್ಲಿದ್ದರು, ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ. ನೋಡದೆ ಯಾಕೆ ತುಂಬಿಸಿದಿರಿ ಎಂದು ಡ್ರೈವರಣ್ಣನನ್ನು ಕೇಳಿದರು. ಡ್ರೈವರಣ್ಣ ನನ್ನ ಕಡೆ ಒಂದು ಸಲ ನೋಡಿದರು. ನಾನು ಹೇಳಲಿ ಎಂದು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಐದು ನಿಮಿಷ ಕೊಟ್ಟರೆ ಯಾವ ವಿಷಯದ ಮೇಲಾದರೂ ಮಾತಾಡಬಲ್ಲವನು ನೆಲ ನೋಡುತ್ತ ನಿಂತೆ. "ನಾನೇ ನೋಡ್ಬೇಕಿತ್ತು ಸಾರ್" ಎಂದರು ಅವರು. ಸಂಸ್ಥೆಯವರು ಅವರನ್ನು ಕೆಲಸದಿಂದ ತೆಗೆದರು.

ಅದಾಗಿ ಹತ್ತು ಹನ್ನೆರಡು ವರ್ಷವಾಯಿತು, ಈಗ ನನಗೆ ಮೂವತ್ತು ದಾಟಿದೆ. ಟ್ಯಾಂಕರ್ ಬಂದು ಹೋದ ಮೇಲಿನ ಭಾನುವಾರ ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದೆ. ಕಪ್ಪೆಯ ವಾದದಲ್ಲಿ ನಾನು ಆಡಿದ್ದು ಇವತ್ತಿಗೂ ತಪ್ಪಲ್ಲ, ಒಂದು ಬಾವಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸು ಹೇಳುತ್ತಲೇ ಇತ್ತು. ಪ್ರತಿ ಸಲವೂ ಪರೀಕ್ಷೆ ಮಾಡುತ್ತಿದ್ದವರು ಅವರು. ಪರೀಕ್ಷೆಯ ಫಲಿತಾಂಶದ ಬಗ್ಗೆ ಸುಳ್ಳು ಹೇಳಿದವನು ನಾನು.

ಮನೆ ಹುಡುಕಿ ಹೋದಾಗ ಡ್ರೈವರಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದರು. ಎದ್ದು ಬಂದು ಕೂರಲು ಚಾಪೆ ಹಾಕಿದರು. ಕೆಲಸ ಹೋದ ಮೇಲೆ ಡ್ರೈವರಣ್ಣನನ್ನು ಯಾರೂ ಗಾಡಿಗೆ ಇಟ್ಟುಕೊಳ್ಳಲಿಲ್ಲವಂತೆ. ಕೈ ನಡುಕವೊಂದೇ ಆಗಿದ್ದರೆ ಲಾರಿ ಶೆಡ್ಡಿನಲ್ಲಾದರೂ ಏನಾದರೂ ಕೆಲಸ ಸಿಗುತ್ತಿತ್ತು. ಕಣ್ಣುಮುಚ್ಚಿ ವಿಷದ ನೀರು ತುಂಬಿಸಿದವನು ಎಂಬ ಮಾತು ಚಿಂತಾಮಣಿಯ ಸ್ಟ್ಯಾಂಡಿನವರೆಗೂ ಅವರಿಗಿಂತ ಮುಂಚೆ ಹೋಗಿರುತ್ತಿತ್ತು. ಮನೆಯಲ್ಲೂ ಅದೇ ಕಥೆ ಹೇಳಿದ್ದರು, ತಾನೇ ಮರೆತೆ ಎಂದು.

ನಾನು ಎಲ್ಲ ಹೇಳಿದೆ. ಭಾಷಣ, ಬಿಂದಿಗೆ, ಕಪ್ಪೆ ಇತ್ತು ಎಂದ ಮಾತು, ವಿಚಾರಣೆಯ ದಿನ. ಕೊನೆಗೆ ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದರು.

"ಅವತ್ತೇ ಹೇಳಿದ್ರೆ ಕೆಲ್ಸ ಉಳೀತಿತ್ತೇನಪ್ಪ?"

ಉಳಿಯುತ್ತಿತ್ತೋ ಇಲ್ಲವೋ ಎಂದು ಎರಡೂ ಕಡೆಯಿಂದ ವಾದಿಸಬಹುದಿತ್ತು. ನಾಲಿಗೆ ತುದಿಗೆ ಬಂದೂ ಇತ್ತು.

"ಉಳೀತಿತ್ತಮ್ಮ" ಎಂದೆ.

ಆಕೆ ತಲೆಯಾಡಿಸಿದರು. ಹುಳಕ್ಕೆ ಹೊತ್ತಾಯಿತು ಎಂದು ಎದ್ದು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಚಾಪೆಯ ಮೇಲೆ ಕೂತಿದ್ದೆ. ಆಕೆ ಮತ್ತೆ ಹೊರಗೆ ಬರಲಿಲ್ಲ.