ಹಡಗಿನಲ್ಲಿ ಬದಲಾದ ಬಿಲ್ಲೆ

ಬಿಳಿಚೋಡಿನ ಲಕ್ಷ್ಮೀದೇವಿಯವರು ಸಮುದ್ರ ನೋಡಿದ್ದು ತಮ್ಮ ನಲವತ್ತಮೂರನೇ ವಯಸ್ಸಿನಲ್ಲಿ. ನೋಡಿದ್ದು ಅಂದರೆ, ಗಾಲಿಕುರ್ಚಿಯೊಂದರ ಹಿಂದೆ ನಿಂತು, ಅದರಲ್ಲಿ ಕೂತವರ ತಲೆಯ ಮೇಲಿಂದ ನೋಡಿದ್ದು. ಆ ತಲೆ ಚನ್ನಗಿರಿಯ ಶಂಕ್ರಮ್ಮನವರದು. ಲಕ್ವ ಹೊಡೆದು ಶಂಕ್ರಮ್ಮನವರ ಎಡಭಾಗ ಬಿದ್ದುಹೋಗಿ ಆರು ವರ್ಷ. ಅವರನ್ನು ಎತ್ತುವುದು, ಇಳಿಸುವುದು, ಮೈ ತೊಳೆಯುವುದು, ಮಗ್ಗುಲು ಹೊರಳಿಸುವುದು, ಆರು ವರ್ಷದಿಂದ ಎಲ್ಲವೂ ಲಕ್ಷ್ಮೀದೇವಿಯವರ ಕೈ.

ಆ ಕೈಗೆ ಆ ಮನೆಯಲ್ಲಿ ಎರಡು ಕಡೆ ಮಾತ್ರ ಪ್ರವೇಶವಿಲ್ಲ. ಒಂದು ಅಡುಗೆಮನೆ. ಇನ್ನೊಂದು ಶಂಕ್ರಮ್ಮನವರ ಕೊರಳಲ್ಲಿರುವ ಬೆಳ್ಳಿಯ ಕರಡಿಗೆ ಮತ್ತು ಅದರೊಳಗಿನ ಲಿಂಗ. ಸ್ನಾನ ಮಾಡಿಸುವಾಗ ಶಂಕ್ರಮ್ಮನವರು ಸ್ವಾಧೀನವಿರುವ ಬಲಗೈಯಲ್ಲಿ ಕರಡಿಗೆಯನ್ನು ಎತ್ತಿ ಹಿಡಿಯುತ್ತಾರೆ. ಲಕ್ಷ್ಮೀದೇವಿಯವರು ಅದರ ಸುತ್ತ ನೀರು ಹಾಕಬೇಕು. ಮಲಮೂತ್ರ ತೊಳೆಯಲು ಆಗುವ ಕೈ ಒಲೆಯ ಹತ್ತಿರ ಆಗುವುದಿಲ್ಲ. ಇದನ್ನು ಬರೆದರೆ, 'ಈಗೆಲ್ಲಿ ಸ್ವಾಮಿ ಅವೆಲ್ಲ, ಕಾಲ ಬದಲಾಗಿದೆ' ಅನ್ನುವವರಿದ್ದಾರೆ. ಅವರು ತಮ್ಮ ಮನೆಯ ಅಡುಗೆಮನೆಯ ಹೊಸ್ತಿಲನ್ನು ಒಮ್ಮೆ ನೋಡಿಕೊಂಡು ಬರಲಿ, ನಾನು ಕಾಯುತ್ತೇನೆ.

ಲಕ್ಷ್ಮೀದೇವಿಯವರ ತಂದೆ ದೊಡ್ಡಣ್ಣ. ಜಗಳೂರು ಸೀಮೆಯಲ್ಲಿ ಮೂವತ್ತು ವರ್ಷ ಬೇರೆಯವರ ಕುರಿ ಕಾದವರು. ಐವತ್ತು ದಾಟಿದ ಮೇಲೆ ಊರಿನ ಹತ್ತಾರು ಜನರ ಜೊತೆ ಜನರಲ್ ಬೋಗಿಯಲ್ಲಿ ನಿಂತುಕೊಂಡೇ ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದರು. ಬರುವಾಗ ದೀಕ್ಷಾಭೂಮಿಯ ಎದುರಿನ ಬೀದಿಯಲ್ಲಿ ಕೊಂಡ ಹಿತ್ತಾಳೆಯ ಬಿಲ್ಲೆಯೊಂದನ್ನು ಅಂಗಿಗೆ ಸಿಕ್ಕಿಸಿಕೊಂಡಿದ್ದರು. ನೀಲಿ ಬಣ್ಣ, ನಡುವೆ ಚಕ್ರ. ಹಿಂದಿನ ಸೂಜಿ ಮುರಿದಾಗ ಬಿಳಿಚೋಡಿನಲ್ಲೇ ಒಂದು ಸೇಫ್ಟಿ ಪಿನ್ನನ್ನು ಬೆಸುಗೆ ಹಾಕಿಸಿಕೊಂಡರು. ಆಮೇಲೆ ಊರ ಹೋಟೆಲಿನಲ್ಲಿ ಎದೆ ಮುಂದೆ ಮಾಡಿ ಕೂತು ಚಹಾ ಕುಡಿಯುತ್ತಿದ್ದರಂತೆ.

"ಏನಲೇ ದೊಡ್ಡಾ, ಮಿಲ್ಟ್ರಿ ಸೇರಿದೇನು?" ಅಂತ ಯಾರಾದರೂ ಛೇಡಿಸಿದರೆ, "ಹೂಂ ಗೌಡ್ರೇ, ರಿಟೈರ್ಮೆಂಟ್ ಇಲ್ಲದ ಮಿಲ್ಟ್ರಿ. ನೀವೂ ಬರ್ರಿ, ಹೆಸ್ರು ಬರಸ್ತೀನಿ" ಅನ್ನುತ್ತಿದ್ದರಂತೆ.

ಅವರು ತೀರಿಕೊಂಡ ದಿನ ಹೆಂಡತಿ ಕರಿಬಸಮ್ಮ ಹೆಣದ ಅಂಗಿಯಿಂದ ಆ ಬಿಲ್ಲೆಯನ್ನು ಬಿಚ್ಚಿ ಮಗಳ ಕೈಗೆ ಕೊಟ್ಟರು. "ಮಣ್ಣಿಗ್ಯಾಕೆ ಹಾಕ್ಬೇಕು? ನೀ ಇಟ್ಕಾ." ದೊಡ್ಡಣ್ಣನವರದು ಅಂತ ಒಂದು ಫೋಟೋ ಕೂಡ ಇಲ್ಲ. ಆಧಾರ್ ಕಾರ್ಡಿನಲ್ಲಿ ಇರುವ ಮುಖ ತನ್ನ ಗಂಡನದೇ ಅಂತ ಕರಿಬಸಮ್ಮ ಇವತ್ತಿಗೂ ಒಪ್ಪುವುದಿಲ್ಲ.

ಮದುವೆಯಾಗಿ ಮೂರು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದ ಲಕ್ಷ್ಮೀದೇವಿಯವರು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಅಲ್ಲಿಂದ ಚನ್ನಗಿರಿಯ ಈ ಮನೆಗೆ ಬಂದ ಮೊದಲ ವಾರವೇ ಶಂಕ್ರಮ್ಮನವರ ಕಣ್ಣಿಗೆ ಬಿಲ್ಲೆ ಬಿತ್ತು.

"ಅದೇನೇ ಅದು, ಎದೆ ಮ್ಯಾಲೆ?"

"ನಮ್ಮಪ್ಪಂದು, ದೊಡ್ಡಮ್ಮಾರೆ."

"ಇರ್ಲಿ. ಬಂದೋರು ಹೋದೋರು ಕೇಳ್ತಾರೆ. ನಮ್ಮನೇಲಿ ಅವೆಲ್ಲ ಬ್ಯಾಡ."

ಅವರು ಮಲಗಿದ್ದ ಮಂಚದ ಎದುರಿನ ಗೋಡೆಯ ಮೇಲೆ, ಮನುಷ್ಯರೆಲ್ಲ ಒಂದೇ ಎಂದು ಸಾರಿದ ಶರಣರ ಪಟ. ಪಟಕ್ಕೆ ದಿನಾ ಹೊಸ ಹೂವು. ಅವತ್ತಿನಿಂದ ಲಕ್ಷ್ಮೀದೇವಿಯವರು ಬಿಲ್ಲೆಯನ್ನು ಸೆರಗಿನ ಒಳಮಗ್ಗುಲಿಗೆ ಚುಚ್ಚಿಕೊಂಡರು. ಚಕ್ರ ಮೈಕಡೆ, ಸೂಜಿ ಹೊರಕಡೆ.

ಶಂಕ್ರಮ್ಮನವರ ಮಗ ಮಹಾಂತೇಶ್ ಹೊನ್ನಾಳಿ, ನ್ಯಾಮತಿವರೆಗೂ ಅಡಿಕೆ ಖರೀದಿ ಮಾಡುವ ವ್ಯಾಪಾರಿ. ಕೆಟ್ಟ ಮನುಷ್ಯನೇನಲ್ಲ, ಅದನ್ನೂ ಹೇಳಬೇಕು. ಹೋದ ವರ್ಷ ಮನೆಮಂದಿಯೆಲ್ಲ ಮುಂಬೈಯಿಂದ ನಾಲ್ಕು ದಿನದ ಹಡಗಿನ ಪ್ರವಾಸಕ್ಕೆ ಹೊರಟರು. "ಅವ್ವನ್ನ ಬಿಟ್ಟು ಹೋಗಾಕೆ ಆಗಲ್ಲ. ಅವ್ವ ಬಂದ್ರೆ ಲಕ್ಷ್ಮೀನೂ ಬರ್ಬೇಕು" ಅಂದರು. ಹೀಗೆ ಹೊರಟವರು ಐದು ಜನ: ಮಹಾಂತೇಶ್, ಹೆಂಡತಿ ಶಿವಲೀಲಾ, ಒಂಬತ್ತು ವರ್ಷದ ಮಗಳು ಇಂಚರಾ, ಶಂಕ್ರಮ್ಮ, ಲಕ್ಷ್ಮೀದೇವಿ.

ಹಡಗಿನಲ್ಲಿ ಊಟಕ್ಕೆ ಒಂದೇ ಸಾಲು. ತಟ್ಟೆ ಹಿಡಿದು ನಿಂತರೆ ಬಡಿಸುವವನು ನಗುತ್ತಾನೆ, ಬಡಿಸುತ್ತಾನೆ, ಮುಂದಿನವರನ್ನು ಕರೆಯುತ್ತಾನೆ. ಯಾವೂರು, ಯಾರ ಪೈಕಿ ಅಂತ ಯಾರೂ ಕೇಳದ ಜಾಗದಲ್ಲಿ ಲಕ್ಷ್ಮೀದೇವಿಯವರು ಅದಕ್ಕೆ ಮುಂಚೆ ಒಂದು ದಿನವೂ ಇದ್ದಿರಲಿಲ್ಲ. ಎರಡನೇ ದಿನ ಬೆಳಗ್ಗೆ ಸೀರೆ ಉಡುವಾಗ ಬಿಲ್ಲೆಯನ್ನು ಹೊರಮಗ್ಗುಲಿಗೆ ಚುಚ್ಚಿಕೊಂಡರು. ಶಂಕ್ರಮ್ಮನವರು ನೋಡಿದರು. ತಲೆ ಬಾಚು ಅಂದರು.

ಅದೇ ಹಡಗಿನಲ್ಲಿ ಮಕ್ಕಳಿಗೆ ಒಂದು ಹುಚ್ಚು. ಹಡಗಿನ ಅಂಗಡಿಯಲ್ಲಿ ನೆನಪಿನ ಪಿನ್ನುಗಳನ್ನು ಮಾರುತ್ತಾರೆ: ಮೀನು, ಆಮೆ, ದೀಪಸ್ತಂಭ, ಹಡಗು. ಮಕ್ಕಳು ಅಗಲದ ಪಟ್ಟಿಯೊಂದನ್ನು ಕೊರಳಿಗೆ ಹಾಕಿಕೊಂಡು ಅದರ ತುಂಬ ಪಿನ್ನು ಸಿಕ್ಕಿಸಿಕೊಳ್ಳುತ್ತಾರೆ. ಸಂಜೆ ನಾಲ್ಕಕ್ಕೆ ಈಜುಕೊಳದ ಹತ್ತಿರ ಸೇರಿ ಬದಲಿ ಮಾಡಿಕೊಳ್ಳುತ್ತಾರೆ. ಒಂದಕ್ಕೆ ಒಂದು. ಇಬ್ಬರಿಗೂ ಒಪ್ಪಿಗೆಯಿರಬೇಕು. ಕೈ ಬದಲಾದ ಪಿನ್ನು ಬೇಕೆಂದರೆ ಮತ್ತೆ ಬದಲಿ ಮಾಡಿಕೊಂಡೇ ವಾಪಸು ಪಡೆಯಬೇಕು. ದೊಡ್ಡವರ ವ್ಯಾಪಾರಕ್ಕಿಂತ ನೆಟ್ಟಗಿರುವ ನಿಯಮ.

ಪುಣೆಯ ಹುಡುಗಿಯೊಬ್ಬಳ ಕೊರಳಲ್ಲಿ ಬಂಗಾರದ ಬಣ್ಣದ ಲಂಗರಿತ್ತು. ಅಂಗಡಿಯಲ್ಲಿ ಸಿಗುವುದಲ್ಲ, ಮೂರನೇ ಸಲ ಬಂದವರಿಗೆ ಹಡಗಿನವರೇ ಕೊಡುವುದು. ಇಂಚರಾ ನಿಯಮ ಮೀರಿ ಅದಕ್ಕೆ ಮೂರು ಪಿನ್ನು ಕೊಡುತ್ತೇನೆಂದಳು. ಆ ಹುಡುಗಿ, ಅವೆಲ್ಲ ನನ್ನ ಹತ್ತಿರ ಇವೆ, ಬೇರೆ ಏನಾದರೂ ಇದ್ದರೆ ತಾ ಅಂದಳು. ಇಂಚರಾ ಕೋಣೆಗೆ ಬಂದಳು.

"ಲಕ್ಷ್ಮೀ, ನಿಂದು ಪಿನ್ ಚೆನ್ನಾಗೈತೆ ಕಣೇ. ನಾನು ಹಾಕ್ಕಳ್ಳಾ?"

"ಇದು ನಮ್ಮಪ್ಪಂದು ಪುಟ್ಟಿ. ನಮ್ಮಪ್ಪ ಇದನ್ನ ಹಾಕ್ಕಂಡ್ರೆ ಗೌಡ್ರ ಮುಂದೂ ಎದ್ದು ನಿಲ್ತಿರ್ಲಿಲ್ಲ."

"ಒಂಚೂರೇ ಹೊತ್ತು. ಪ್ಲೀಸ್."

ಲಕ್ಷ್ಮೀದೇವಿಯವರು ತಾವೇ ಬಿಚ್ಚಿ, ತಾವೇ ಆ ಮಗುವಿನ ಪಟ್ಟಿಗೆ ಚುಚ್ಚಿದರು.

ಯಾಕೆ ಕೊಟ್ಟಿರಿ ಅಂತ ನಾನು ಅವರನ್ನು ಕೇಳಿದ್ದೇನೆ. ಹೇಳಿದರು: "ಆ ಮನೆ ಕೂಸು ನಮ್ಮಪ್ಪಂದು ಹಾಕ್ಕಂತೀನಿ ಅಂದ್ತಲ್ಲ, ನಂಗೆ ಹೊಟ್ಟೆ ತುಂಬಿದಂಗಾತು ಸಾರ್." ಶಿವಲೀಲಾ ಅದನ್ನು ನೋಡಿ ನಕ್ಕರಂತೆ, ಬೈಯಲಿಲ್ಲವಂತೆ. ಆರು ವರ್ಷದಲ್ಲಿ ಆ ಮನೆಯಿಂದ ಅವರಿಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಎಷ್ಟು ಹೊತ್ತಿನದು? ಮುಕ್ಕಾಲು ಗಂಟೆಯದು.

ಐದು ಗಂಟೆಗೆ ಇಂಚರಾ ಕುಣಿಯುತ್ತ ಬಂದಳು. ಕೊರಳಲ್ಲಿ ಲಂಗರು ಹೊಳೆಯುತ್ತಿತ್ತು.

"ಪುಟ್ಟಿ, ನಂದೆಲ್ಲಿ?"

"ಎಕ್ಸ್‌ಚೇಂಜ್ ಮಾಡ್ದೆ. ನೋಡು, ಗೋಲ್ಡ್!"

"ಅಯ್ಯೋ, ಹಾಕ್ಕಂತೀನಿ ಅಂದ್ಯಲ್ಲ ನೀನು?"

"ಹಾಕ್ಕಂಡಿದ್ನಲ್ಲ. ಆಮೇಲೆ ಕೊಟ್ಟೆ."

ಮಾರನೇ ದಿನ ಶಂಕ್ರಮ್ಮನವರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಲಕ್ಷ್ಮೀದೇವಿಯವರು ಈಜುಕೊಳದ ಹತ್ತಿರ ಹೋಗಿ ಪುಣೆಯ ಹುಡುಗಿಯನ್ನು ಹುಡುಕಿದರು. ಅವಳ ಪಕ್ಕ ತಾಯಿ ಕೂತಿದ್ದರು. ಆಸ್ಪತ್ರೆಯಲ್ಲಿ ಕಲಿತ ಅಷ್ಟಿಷ್ಟು ಹಿಂದಿಯಲ್ಲಿ ವಿಷಯ ಹೇಳಿದರು. ಆ ತಾಯಿ ಬಿಲ್ಲೆಯನ್ನು ನೋಡಿದರು, ಇವರ ಮುಖ ನೋಡಿದರು. ನಾಗಪುರದ್ದು ಅಂದಮೇಲೆ ಅರ್ಥವಾಗಿರಬೇಕು. ನಮ್ಮ ಮಗಳ ಲಂಗರು ತಂದುಕೊಡಿ, ನಿಮ್ಮದನ್ನು ಈಗಲೇ ಕೊಡಿಸುತ್ತೇನೆ ಅಂದರು. ನ್ಯಾಯವಾದ ಮಾತು. ಇನ್ನು ಉಳಿದಿದ್ದು ಒಂದೇ ಕೆಲಸ: ಒಂಬತ್ತು ವರ್ಷದ ಮಗುವಿನ ಕೊರಳಿನಿಂದ ಒಂದು ಪಿನ್ನು ಬಿಚ್ಚುವುದು.

ಲಕ್ಷ್ಮೀದೇವಿಯವರು ಹೇಳಿದ ಮೇಲೆ ರಾತ್ರಿ ಊಟದ ಮೇಜಿನಲ್ಲಿ ಶಿವಲೀಲಾ ಬಿಚ್ಚಲು ಹೋದರು ಕೂಡ. ಮಗು ಎರಡೂ ಕೈಯಲ್ಲಿ ಪಟ್ಟಿ ಅವುಚಿಕೊಂಡು ಕಿರುಚಿತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಶಿವಲೀಲಾ ಕೈ ತೆಗೆದರು.

"ಹೋಗ್ಲಿ ಬಿಡೇ ಲಕ್ಷ್ಮೀ. ಒಂದು ಪಿನ್‌ಗೆ ಮಗೂನ ಹಿಂಗೆ ಅಳಿಸಾಕೆ ಆಗ್ತೈತಾ?"

"ಅಮ್ಮಾರೆ, ಅದು ಪಿನ್ನಲ್ರೀ. ನಮ್ಮಪ್ಪ."

ಮಹಾಂತೇಶ್ ಮೊಬೈಲಿನಿಂದ ತಲೆ ಎತ್ತಿದರು. "ನೋಡು, ಅಂಥದ್ದೇ ಹೊಸದು ತರಸ್ತೀನಿ. ಒಂದಲ್ಲ, ಒಂದು ಡಜನ್ ತರಸ್ತೀನಿ. ಆಯ್ತಾ? ಟೂರ್ ಹಾಳು ಮಾಡ್ಬ್ಯಾಡ."

ಆಗ ಲಕ್ಷ್ಮೀದೇವಿಯವರು ಗಾಲಿಕುರ್ಚಿಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು.

"ದೊಡ್ಡಮ್ಮಾರೆ, ನೀವಾರ ಹೇಳ್ರಿ. ನಿಮ್ಮ ಕೊಳ್ಳಾಗಿಂದನ್ನ ಯಾರಾರ ಬದಲಿ ಮಾಡಿ ಬಂದು, ಹೊಸದು ಒಂದು ಡಜನ್ ಕೊಡಸ್ತೀನಿ ಅಂದ್ರೆ ನೀವು ಸುಮ್ಕಿರ್ತೀರಾ?"

ಶಂಕ್ರಮ್ಮನವರ ಬಲಗೈ ತಟ್ಟನೆ ಕರಡಿಗೆಗೆ ಹೋಯಿತು. ಮುಷ್ಟಿಯಲ್ಲಿ ಹಿಡಿದುಕೊಂಡರು. ಮಹಾಂತೇಶ್ ಎದ್ದು ನಿಂತರು. "ಏಯ್! ಬಾಯಿ ಬಿಗಿ ಹಿಡಿ. ಯಾವುದನ್ನ ಯಾವುದಕ್ಕೆ ಹೋಲಿಸ್ತೀಯಾ?"

ಶಂಕ್ರಮ್ಮನವರಿಗೆ ಮಾತು ಅರ್ಥವಾಗಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅರ್ಥವಾಗದಿದ್ದರೆ ನಕ್ಕುಬಿಡುತ್ತಿದ್ದರು. ಮೈಮೇಲೆ ಹೊತ್ತ ವಸ್ತು ಬರೀ ವಸ್ತುವಲ್ಲ ಅನ್ನುವುದನ್ನು ಆ ಇಡೀ ಹಡಗಿನಲ್ಲಿ ಯಾರಿಗಾದರೂ ಹೇಳಿಕೊಡಬೇಕಾಗಿರಲಿಲ್ಲವೆಂದರೆ ಅದು ಅವರಿಗೆ. ಅವರು ಒಂದು ಮಾತು ಆಡಿದ್ದರೆ ಮೊಮ್ಮಗಳು ಲಂಗರು ಬಿಚ್ಚುತ್ತಿದ್ದಳು. ಶಂಕ್ರಮ್ಮನವರು ಕರಡಿಗೆ ಹಿಡಿದ ಮುಷ್ಟಿ ಬಿಡದೆಯೇ ಮಗನ ಕಡೆ ತಿರುಗಿ, "ನಾಳೆಯಿಂದ ಸ್ನಾನದ ಹೊತ್ತಿಗೆ ಶಿವಲೀಲಾನೂ ಜೊತೆಗಿರ್ಲಿ" ಅಂದರು. ಅಷ್ಟೇ.

ಕೊನೆಯ ದಿನ ಮುಂಬೈಯಲ್ಲಿ ಇಳಿಯುವಾಗ ಉದ್ದನೆಯ ಇಳಿಜಾರು. ಗಾಲಿಕುರ್ಚಿಯನ್ನು ಹಿಂದಕ್ಕೆ ಎಳೆದು ಹಿಡಿದುಕೊಂಡೇ ಇಳಿಸಬೇಕು. ಕೈ ಬಿಟ್ಟರೆ ಕುರ್ಚಿ ಜಾರುತ್ತದೆ. ಐದಾರು ಹೆಜ್ಜೆ ಮುಂದೆ ಪುಣೆಯ ಹುಡುಗಿ ಹೋಗುತ್ತಿದ್ದಳು. ಕೊರಳ ಪಟ್ಟಿಯ ತುದಿ ಬೆನ್ನಿನ ಮೇಲೆ ಬಿದ್ದಿತ್ತು, ತುದಿಯಲ್ಲಿ ನೀಲಿ ಚಕ್ರ. ಅವಳ ತಾಯಿ ಹಿಂತಿರುಗಿ ನೋಡಿದರು. ಇವರನ್ನು ಗುರುತಿಸಿದರು. ನಡಿಗೆ ನಿಧಾನ ಮಾಡಿದರು.

"ಅಮ್ಮಾರೆ, ಒಂದ್ನಿಮಿಷ ಕುರ್ಚಿ ಹಿಡ್ಕಳ್ರಿ. ಕೈ ಮುಗಿದು ಕೇಳಿ ಬರ್ತೀನಿ."

ಶಿವಲೀಲಾ ಗಂಡನ ಮುಖ ನೋಡಿದರು.

"ನಡಿ ನಡಿ" ಅಂದರು ಮಹಾಂತೇಶ್, "ಹಿಂದೆ ಜನ ನಿಂತಾರೆ."

ಕೈ ಮುಗಿಯಲು ಕೈ ಬಿಡುವಿರಬೇಕಲ್ಲ. ಲಕ್ಷ್ಮೀದೇವಿಯವರ ಎರಡೂ ಕೈ ಶಂಕ್ರಮ್ಮನವರ ಭಾರ ಹಿಡಿದಿದ್ದವು. ಇಳಿಜಾರು ಮುಗಿಯುವ ಹೊತ್ತಿಗೆ ಆ ತಾಯಿ ಮಗಳು ಟ್ಯಾಕ್ಸಿ ಹತ್ತಿದ್ದರು.

ಮಹಾಂತೇಶ್ ಮಾತಿಗೆ ತಪ್ಪಲಿಲ್ಲ. ಹದಿನೈದು ದಿನಕ್ಕೆ ಕೊರಿಯರಿನಲ್ಲಿ ಹನ್ನೆರಡು ಬಿಲ್ಲೆ ಬಂದವು. ಹೊಚ್ಚ ಹೊಸವು, ಒಂದೊಂದೂ ಪ್ಲಾಸ್ಟಿಕ್ ಚೀಲದಲ್ಲಿ. "ತಗೋ, ಸಮಾಧಾನ ಆಯ್ತಾ?" ಅಂದರು. ಮನೆಯಲ್ಲಿ ಹಾಕಿಕೋ ಅಂತ ಮಾತ್ರ ಅನ್ನಲಿಲ್ಲ. ಹನ್ನೆರಡು ಕೊಡಬಲ್ಲ ಕೈ ಒಂದಕ್ಕೆ ಅಪ್ಪಣೆ ಕೊಡಲಾರದು. ಈ ಔದಾರ್ಯ ನಮ್ಮ ಊರುಗಳ ತುಂಬ ಇದೆ, ನಮ್ಮ ಎಲ್ಲ ಸಭೆಗಳ ವೇದಿಕೆಯ ಮೇಲೂ ಶಾಲು ಹೊದ್ದು ಕೂತಿರುತ್ತದೆ.

ಎರಡು ದಿನ ರಜೆ ಸಿಕ್ಕಾಗ ಲಕ್ಷ್ಮೀದೇವಿಯವರು ಊರಿಗೆ ಹೋದರು. ಕರಿಬಸಮ್ಮನಿಗೆ ಈಗ ಕಣ್ಣು ಮಂಜು. ಮಗಳು ಬಂದರೆ ಮೊದಲು ಸೆರಗಿನ ಒಳಗೆ ಕೈ ಹಾಕಿ ಬಿಲ್ಲೆ ಮುಟ್ಟಿ ನೋಡುವುದು ಆಕೆಯ ರೂಢಿ. ಅವತ್ತೂ ಮುಟ್ಟಿದರು, ತಡವಿದರು.

"ಎಲ್ಲೈತೆ ನಿಮ್ಮಪ್ಪಂದು?"

ನಾನೇ ಬಿಚ್ಚಿ, ನಾನೇ ಆ ಮನೆ ಮಗುವಿಗೆ ಚುಚ್ಚಿಕೊಟ್ಟೆ ಅನ್ನಲು ಬಾಯಿ ಬರಲಿಲ್ಲ. ನಿಜ ಹೇಳಿದರೆ ತಮ್ಮ ಮಾರುತಿ ನಾಳೆಯೇ ಚನ್ನಗಿರಿಗೆ ಹೋಗಿ ಜಗಳ ತೆಗೆಯುತ್ತಾನೆ, ಇರುವ ಒಂದು ಕೆಲಸವೂ ಹೋಗುತ್ತದೆ ಅನ್ನುವ ಹೆದರಿಕೆ ಬೇರೆ.

"ಸಮುದ್ರಕ್ಕೆ ಬಿತ್ತವ್ವಾ. ಬಗ್ಗಿ ನೋಡಾಕೆ ಹೋಗಿದ್ದೆ, ಬಿದ್ದೋತು."

ಕರಿಬಸಮ್ಮ ಸೆರಗಿನಿಂದ ಕೈ ತೆಗೆದರು. ಆಮೇಲೆ ಮಗಳ ಬೆನ್ನು ಸವರಿದರು.

"ಹೋಗ್ಲಿ ಬಿಡು, ಅಳಬ್ಯಾಡ. ನೀರು ತಾನೆ? ಕಂಡೋರ ಕೈಗೆ ಸಿಗ್ಲಿಲ್ಲಲ್ಲ, ಅಷ್ಟು ಸಾಕು."

ಲಕ್ಷ್ಮೀದೇವಿಯವರಿಗೆ ಇನ್ನೂ ಒಂದು ದಿನ ರಜೆಯಿತ್ತು. ಅವ್ವನ ಮುಂದೆ ಕೂರಲಾಗದೆ ಅವತ್ತೇ ಮಧ್ಯಾಹ್ನದ ಬಸ್ಸು ಹತ್ತಿ ಚನ್ನಗಿರಿಗೆ ಬಂದರು. ಬಾಗಿಲು ತೆಗೆದ ಶಿವಲೀಲಾ, "ಒಳ್ಳೇದಾತು ಬಂದಿದ್ದು, ಅತ್ತೆ ಬೆಳಗ್ಗೆಯಿಂದ ಒಂದೇ ಮಗ್ಗುಲಲ್ಲಿ ಮಲಗವ್ರೆ" ಅಂದರು. ಲಕ್ಷ್ಮೀದೇವಿಯವರು ಕೈ ತೊಳೆದುಕೊಂಡು ಒಳಗೆ ಹೋದರು.