ರಾಣಿಯ ತೊಟ್ಟಿಲಿಗೆ ಒಂದು ಕೂಸು

2018ರಲ್ಲಿ ನಾನು ಒಂದು ಪ್ರಕಾಶನ ಸಂಸ್ಥೆಯಲ್ಲಿ ಮಕ್ಕಳ ಜೀವನಚರಿತ್ರೆ ಮಾಲೆಯ ಸಂಪಾದಕಿಯಾಗಿದ್ದೆ. ಅಚ್ಚಿಗೆ ಹೋಗುವ ಮೊದಲು ಪ್ರತಿಯೊಂದು ಹಸ್ತಪ್ರತಿಯನ್ನೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಇದಕ್ಕೆ ನಾವು ‘ಟ್ರಯಲ್ ರೀಡಿಂಗ್’ ಎನ್ನುತ್ತಿದ್ದೆವು. ಮಕ್ಕಳು ಆಕಳಿಸಿದ ಪುಟಕ್ಕೆ ಕತ್ತರಿ; ಬರೆದವರು ಎಷ್ಟೇ ದೊಡ್ಡವರಿರಲಿ, ನನಗೆ ದಾಕ್ಷಿಣ್ಯವಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಕಿತ್ತೂರಿನ ರಾಣಿಯ ಚರಿತ್ರೆ ಹಿಡಿದು ಝಳಕಿ ಹತ್ತಿರದ ಒಂದು ಹಳ್ಳಿಗೆ ಹೋದೆ. ಶಾಲೆಯ ಕೋಣೆ ಸಾಲದೆ ಗುಡಿಯ ಕಟ್ಟೆಯ ಮೇಲೆ ಓದಲು ಕೂತೆ. ಶ್ರಾವಣವೆಲ್ಲ ಪುರಾಣ ಕೇಳುವ ಊರು ಅದು. ಮಕ್ಕಳ ಜೊತೆ ದೊಡ್ಡವರೂ ಬಂದರು. ಎಲ್ಲರಿಗಿಂತ ಮುಂದೆ ಕೂತವಳು ಶಾಂತವ್ವ ಎಂಬ ಅಜ್ಜಿ.

ರಾಣಿ ಹುಟ್ಟಿದ್ದನ್ನು ಎರಡೇ ಸಾಲಿನಲ್ಲಿ ಮುಗಿಸಿ ಕುದುರೆ ಸವಾರಿಯ ಭಾಗಕ್ಕೆ ಹೊರಳಿದೆ. ಶಾಂತವ್ವ ಕೈ ಎತ್ತಿದಳು.

“ತಡೀರಿ ಅಕ್ಕಾರ. ಈಗ ಕೂಸು ಹುಟ್ಟೇತಿ. ತೊಟ್ಟಿಲದಾಗ ಹಾಕದನ ಕುದ್ರಿ ಹತ್ತಸ್ತೀರೇನ?”

ಪುರಾಣದಲ್ಲಿ ಮಹಾತ್ಮರು ಹುಟ್ಟುವ ಅಧ್ಯಾಯ ಬಂದ ದಿನ ಇಲ್ಲಿನ ಹೆಂಗಸರು ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಹೆಸರಿಡುತ್ತಾರೆ. ಆಮೇಲೆಯೇ ಕಥೆ ಮುಂದೆ ಸಾಗುವುದು. ಇದು ಪುರಾಣವಲ್ಲ, ಇತಿಹಾಸ ಎಂದೆ. ಯಾರು ಕೇಳಬೇಕು! ಶಾಲೆಯಲ್ಲಿ ಬಿಸಿಯೂಟ ಮಾಡುವ ಹಸೀನಾಬಿ ತನ್ನ ಮನೆಯ ತೊಟ್ಟಿಲನ್ನೇ ತರಿಸಿದಳು. ಅದರೊಳಗೆ ಹಸ್ತಪ್ರತಿ ಇಡಲು ಹೋದೆ.

“ಖಾಲಿ ತೊಟ್ಟಿಲ ತೂಗಬಾರದ್ರಿ. ಕಾಗದ ಎಲ್ಲಿ ಕೂಸಾಗ್ತೈತಿ?” ಎಂದ ಹಸೀನಾಬಿ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಶಾಂತವ್ವನ ಸೊಸಿ ರೇಣುಕಾಗ ಮೂರನೇದೂ ಹೆಣ್ಣ ಆಗೇತ್ರಿ. ಮೂರು ತಿಂಗಳಾತು, ಮುದುಕಿ ತೊಟ್ಟಿಲಿಗೆ ಹಾಕಗೊಟ್ಟಿಲ್ಲ, ಹೆಸರೂ ಇಡಗೊಟ್ಟಿಲ್ಲ. ಆ ಹುಡುಗಿ ಅತ್ತು ಅತ್ತು ಸಾಕಾಗ್ಯಾಳ.”

ನಾನು ಬೇಡವೆನ್ನುವಷ್ಟರಲ್ಲಿ ರೇಣುಕಾಳ ಕೈ ಹಿಡಿದು ಕರೆತಂದೇಬಿಟ್ಟಳು. ಸೆರಗಿನೊಳಗೆ ಕೂಸು. ನಾನು ಶಾಂತವ್ವನ ಕಡೆ ನೋಡಿದೆ. ಮುದುಕಿ ಎದ್ದು ಹೋದರೆ ಊರೆದುರು ಈ ತಾಯಿಯ ಮರ್ಯಾದೆ ಹೋಗುತ್ತದೆ. ಆ ಮನೆಯಲ್ಲಿ ಇನ್ನು ಯಾರೂ ಆ ಕೂಸಿನ ಹೆಸರಿಡುವ ಮಾತೆತ್ತುವಂತಿಲ್ಲ.

ಹಸೀನಾಬಿ ಕೂಸನ್ನು ಮಲಗಿಸಿದಳು. “ತೊಟ್ಟಿಲ ಬೇಕಂದಾಕಿ ನೀನ, ಶಾಂತವ್ವ. ತೂಗು ಬಾ.”

“ಭಾಳ ಶಾಣ್ಯಾಕಿ ಅದಿ ನೀ,” ಎಂದು ಶಾಂತವ್ವ ಹಲ್ಲು ಕಡಿದಳು. ಆದರೆ ಕಥೆಯನ್ನು ನಡುವೆಯೇ ಬಿಟ್ಟು ಏಳುವ ಹೆಂಗಸಲ್ಲ ಅವಳು. ಮುಖ ಆಚೆ ತಿರುಗಿಸಿಕೊಂಡೇ ಹಗ್ಗ ಹಿಡಿದಳು. ಹೆಂಗಸರು ಜೋಗುಳ ಎತ್ತಿಕೊಂಡರು. ಎರಡು ನುಡಿ ಮುಗಿಯುವುದರೊಳಗೆ ಶಾಂತವ್ವನ ದನಿ ಎಲ್ಲರಿಗಿಂತ ಮೇಲೆ ಕೇಳತೊಡಗಿತು, ಮುಖ ಕೂಸಿನ ಕಡೆ ತಿರುಗಿತ್ತು. ಅಬ್ಬಾ, ಆ ದನಿ! ರಾಣಿಗೆ ಹಾಡುತ್ತಿದ್ದಳೋ ಮೊಮ್ಮಗಳಿಗೋ, ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಹೆಸರು ಹೇಳುವ ಹೊತ್ತು ಬಂತು. “ರಾಣಿ ಹೆಸರ ಇಡು, ಆಯಿ!” ಎಂದು ಮಕ್ಕಳು ಕೂಗಿದರು. ಶಾಂತವ್ವ ತೊಟ್ಟಿಲೊಳಗೆ ಬಗ್ಗಿ, ರೂಢಿಯಂತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಿ ಮೇಲೆದ್ದಳು.

“ರಾಣಿ ಹೆಸರ ರಾಣಿಗೇ ಇರ್ಲಿ. ಇಕಿಗೆ ನಮ್ಮವ್ವನ ಹೆಸರ ಇಟ್ಟೇನಿ. ಗೌರವ್ವ.”

“ಹೊಟ್ಟ್ಯಾಗಿನ ಮಗಳಿಗೂ ಕೊಟ್ಟಿರಲಿಲ್ರಿ ಆ ಹೆಸರ,” ಎಂದಳು ಹಸೀನಾಬಿ. ರೇಣುಕಾ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. ನನಗೂ ಕಣ್ಣೀರು ತಡೆಯಲಾಗಲಿಲ್ಲ.

ಇತಿಹಾಸಪುರುಷರ ಪ್ರಭಾವ ಎಂಬ ಮಾತನ್ನು ಎಷ್ಟು ಬೆನ್ನುಡಿಗಳಲ್ಲಿ ಬರೆದಿದ್ದೆನೋ ಏನೋ. ತೀರಿಹೋಗಿ ಎಷ್ಟೋ ಕಾಲವಾದ ರಾಣಿಯೊಬ್ಬಳು ಇನ್ನೊಬ್ಬರ ಮನೆಯ ಕೂಸಿಗೆ ಜಾಗ ಮಾಡಿಕೊಡಬಲ್ಲಳು ಎಂಬುದನ್ನು ಆ ದಿನವೇ ಕಲಿತೆ.

ಹಾಳೆ ತಿರುವಿದೆ, ನಿಲ್ಲಿಸಿದ ಪುಟ ಸಿಗಲಿಲ್ಲ. ಶಾಂತವ್ವ ಕೂಸನ್ನು ಎತ್ತಿ ತನ್ನ ತೊಡೆಯ ಮೇಲೆ ಹಾಕಿಕೊಂಡು, ನನ್ನ ಕಡೆ ಕಣ್ಣು ಬಿಟ್ಟಳು.

“ಲಗೂನ ಓದ್ರಿ ಅಕ್ಕಾರ. ಗೌರವ್ವ ಕೇಳಾಕತ್ತಾಳ.”