ನಬಿಸಾಬರ ಮೂರು ಗೀಟು

ನನ್ನ ಹುದ್ದೆಯ ಹೆಸರು ದತ್ತಾಂಶ ಸಹಾಯಕ. ಹೆಣ್ಣು ಕೊಡಲು ಬಂದವರು ಇದನ್ನು ಕೇಳಿ ಒಂದು ಕ್ಷಣ ನೆಟ್ಟಗೆ ಕೂರುತ್ತಾರೆ. ಸಂಬಳ ಕೇಳಿದ ಮೇಲೆ ಮತ್ತೆ ಗೋಡೆಗೆ ಒರಗುತ್ತಾರೆ.

ಹಾವೇರಿ ಬಸ್‌ನಿಲ್ದಾಣದ ಹಿಂದೆ ಗೊಬ್ಬರದ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಎರಡು ಕೋಣೆಯ ಕಚೇರಿ. ಯಾವ ಊರಲ್ಲಿ ಎಷ್ಟು ಮನೆ, ಎಷ್ಟು ಬಾವಿ, ಎಷ್ಟು ಎಕರೆ ಜೋಳ, ಎಷ್ಟು ಮಳೆ ಎಂದು ಸರ್ಕಾರ ಎಂದೋ ಬರೆಸಿ, ಗಂಟು ಕಟ್ಟಿ, ಮರೆತುಬಿಟ್ಟಿದ್ದ ಲೆಕ್ಕಗಳನ್ನು ನಾವು ಸ್ಕ್ಯಾನ್ ಮಾಡಿ, ಟೈಪ್ ಮಾಡಿ, ಇಂಟರ್ನೆಟ್ಟಿಗೆ ಏರಿಸುತ್ತೇವೆ. ಇದು ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲರಿಗೂ ಸೇರಿದ ಮಾಹಿತಿ. ಯಾರಾದರೂ ಊರು, ತಾರೀಖು ಹಾಕಿ ಹುಡುಕಿದರೆ ಥಟ್ಟನೆ ಸಿಗಬೇಕು. ಕಂಪನಿ ಬೆಂಗಳೂರಿನದು. ಬೆರಳು ನಮ್ಮದು. ನಾನು ದಿನಾ ಬ್ಯಾಡಗಿಯಿಂದ ಬರುವವನು. ನನ್ನ ಅಂಗಿಗೆ ಅಂಟಿ ಬರುವ ಮೆಣಸಿನಕಾಯಿ ಘಾಟಿಗೆ ನಮ್ಮ ಮೇಲ್ವಿಚಾರಕಿ ಪುಷ್ಪಲತಾ ಮೇಡಂ ಸೀನುತ್ತಿದ್ದರು. ಎರಡು ಸೀನಿದರೆ ನಾನು ಹಾಜರು ಎಂದು ಲೆಕ್ಕ. ಕಚೇರಿಯಲ್ಲಿ ನನ್ನಿಂದ ಆಗುತ್ತಿದ್ದ ಪರಿಣಾಮವೆಂದರೆ ಅದೊಂದೇ ಎಂದು ಬಹಳ ದಿನ ತಿಳಿದಿದ್ದೆ.

ಮಳೆಯ ಕಾರ್ಡುಗಳ ಗಂಟು ಬಂದಾಗ ನಬಿಸಾಬರು ಬಂದರು. ಕಾರ್ಡುಗಳು ಕೈಬರಹದವು. ಅರ್ಧಕ್ಕರ್ಧ ಶಾಯಿ ಹಬ್ಬಿ ನಮಗೆ ಒಂದು ಯಾವುದು, ಏಳು ಯಾವುದು ತಿಳಿಯುತ್ತಿರಲಿಲ್ಲ. ಕರ್ಜಗಿಯ ಕಾರ್ಡು ಬರೆದ ಮನುಷ್ಯ ಇನ್ನೂ ಗಟ್ಟಿಯಾಗಿದ್ದಾರೆ ಎಂದು ಯಾರೋ ಹೇಳಿದರು. ಮೇಡಂ ಅವರನ್ನು ದಿನಗೂಲಿಯ ಮೇಲೆ ಕರೆಸಿದರು.

ಮಾರ್ಚ್ ತಿಂಗಳ ಉರಿಬಿಸಿಲಲ್ಲಿ, ತಲೆಗೆ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ. ವಯಸ್ಸು ಎಪ್ಪತ್ತು.

"ಈ ಬಿಸಲಾಗ ಕೊಡಿ ಯಾಕ ಚಾಚಾ?" ಎಂದೆ.

"ಮೂವತ್ನಾಲ್ಕ ವರ್ಷ ಮಳೀನ ಅಳದೇನಿ ತಮ್ಮಾ. ಅದಕ್ಕ ನನ್ನ ಮ್ಯಾಲ ಸಿಟ್ಟ ಇರತೈತಿ. ಯಾವಾಗ ಬರ್ತೈತೋ ಏನೋ."

ಕರ್ಜಗಿಯ ಸರ್ಕಾರಿ ಬಂಗಲೆಯೊಂದರಲ್ಲಿ ಅವರು ಕಾವಲುಗಾರ, ಮಾಲಿ, ಸಾಹೇಬರು ಬಂದರೆ ಅಡುಗೆಯವರೂ ಆಗಿದ್ದರು. ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬಿ ಇತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆಯಬೇಕು. ಬೇಸಿಗೆಯಲ್ಲೂ ಒಣ ಡಬ್ಬಿಯ ಮುಚ್ಚಳ ತೆಗೆದು, ಬಗ್ಗಿ ನೋಡಿ, ಸೊನ್ನೆ ಬರೆಯಬೇಕು. ನೋಡದೆಯೇ ಸೊನ್ನೆ ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದ್ದೆ. ನನ್ನಂಥವರ ತಲೆಗೆ ಮೊದಲು ಹೊಳೆಯುವುದೇ ಅದು.

"ಡಬ್ಬಿಗೆ ಗೊತ್ತಾಗತೈತಲ್ಲಪಾ" ಎಂದರು.

ಅವರು ಎಂಟೂವರೆಗೆ ಡಬ್ಬಿಯ ಕಡೆ ಹೊರಟದ್ದನ್ನು ನೋಡಿ ಊರವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಅವರ ನಿಕಾಹದ ದಿನವೂ ಬೀಗರನ್ನು ಕೂರಿಸಿ, ಅಳತೆ ಬರೆದು ಬಂದಿದ್ದರಂತೆ. ಆ ಜಂಬ ಮುಂದೆ ಅವರ ಮೇಲೇ ತಿರುಗಿ ಬೀಳಲಿತ್ತು.

ನಮ್ಮ ಕೆಲಸದ ರೀತಿ ಸರಳ. ಅವರು ಭೂತಗನ್ನಡಿ ಹಿಡಿದು ಕಾರ್ಡು ಓದುವುದು, ನಾನು ಟೈಪ್ ಮಾಡುವುದು. ಕಣ್ಣಿಗೆ ಪೊರೆ ಬಂದಿದ್ದರಿಂದ ಹೊಳೆಯುವ ಪರದೆ ಅವರಿಗೆ ಬರೀ ಮಂಜು. ಆದ್ದರಿಂದ ನಾನು ಏನು ಒತ್ತಿದೆನೆಂಬುದು ಅವರಿಗೆ ಕಾಣುತ್ತಿರಲಿಲ್ಲ. ನನ್ನ ಮಾತನ್ನೇ ನಂಬಬೇಕಿತ್ತು.

"ನಾಲ್ಕನೇ ತಾರೀಖ, ಹನ್ನೆರಡ ಪಾಯಿಂಟ್ ಆರು. ಐದು, ಸೊನ್ನಿ. ಆರು, ಗೀಟು. ಗೀಟು ಹೊಡದಿ?"

"ಹೂಂ ಚಾಚಾ."

ಹೊಡೆದಿರಲಿಲ್ಲ. ಅಳತೆ ತೆಗೆಯದ ದಿನಕ್ಕೆ ಹಾಕುವ ಆ ಅಡ್ಡಗೆರೆ ನಮ್ಮ ತಂತ್ರಾಂಶಕ್ಕೆ ಸೇರದು. ಚೌಕ ಖಾಲಿ ಬಿಟ್ಟರೆ ಕೆಂಪಗಾಗಿ ಮುಂದಕ್ಕೆ ಬಿಡುತ್ತಿರಲಿಲ್ಲ. ಗೀಟು ಹಾಕಬೇಕೆಂದರೆ ಇನ್ನೊಂದು ಕಿಟಕಿ ತೆರೆದು, ಕಾರಣ ಆರಿಸಿ, ಎರಡು ಸಲ ಖಾತ್ರಿಪಡಿಸಬೇಕು. ಒಂದು ಗೀಟಿಗೆ ಒಂದು ನಿಮಿಷ. ಬೇರೆ ಊರುಗಳ ಕಾರ್ಡುಗಳಲ್ಲಿ ಗೀಟು ಧಾರಾಳವಾಗಿದ್ದವು: ಹಬ್ಬಕ್ಕೊಂದು, ಮದುವೆಗೊಂದು, ಬೇಜಾರಿಗೊಂದು. ದಿನಕ್ಕೆ ಇಷ್ಟು ಕಾರ್ಡು ಎಂಬ ಗುರಿ ನನ್ನ ನೆತ್ತಿಯ ಮೇಲಿತ್ತು. ನಾನು ಸೊನ್ನೆ ಒತ್ತಿ ಮುಂದೆ ಹೋಗುತ್ತಿದ್ದೆ. ಮಳೆ ಬಂದರೇನು, ಬಿಟ್ಟರೇನು, ಯಾರು ಹುಡುಕುತ್ತಾರೆ? ಜನ ಹುಡುಕಲೆಂದೇ ಕಟ್ಟುತ್ತಿದ್ದ ಭಂಡಾರದಲ್ಲಿ ಕೂತು ನಾನು ಹೀಗೆ ಯೋಚಿಸುತ್ತಿದ್ದೆ. ಆ ತಿಂಗಳು ಅತಿ ವೇಗದ ಸಹಾಯಕನೆಂದು ನನಗೊಂದು ಪ್ರಮಾಣಪತ್ರವೂ ಬಂತು. ಅವ್ವ ಅದಕ್ಕೆ ಚೌಕಟ್ಟು ಹಾಕಿಸಿದ್ದಾಳೆ.

ಕೊನೆಗೆ ಕರ್ಜಗಿಯ ಕಾರ್ಡು ಬಂದವು. ವರ್ಷದ ಮೇಲೆ ವರ್ಷ, ಮುತ್ತಿನಂಥ ಅಂಕಿ, ಒಂದೂ ಗೀಟಿಲ್ಲ. ಇಪ್ಪತ್ತಾರು ವರ್ಷದ ಹಿಂದಿನ ಜುಲೈ ಕಾರ್ಡು ಕೈಗೆ ಬಂದಾಗ ಚಾಚಾ ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಎರಡು ಸಲ ಒರೆಸಿದರು.

"ಹತ್ತು, ಇಪ್ಪತ್ತೆಂಟು ಪಾಯಿಂಟ್ ನಾಲ್ಕು. ಹನ್ನೊಂದು, ಗೀಟು. ಹನ್ನೆರಡು, ಗೀಟು. ಹದಿಮೂರು, ಗೀಟು." ಉಸಿರು ತೆಗೆದುಕೊಂಡರು. "ಹದಿನಾಲ್ಕು, ನೂರಾ ಹತ್ತೊಂಬತ್ತು ಪಾಯಿಂಟ್ ಎರಡು. ಹೊಡದಿ ತಮ್ಮಾ? ಮೂರು ಗೀಟು?"

"ಹೂಂ ಚಾಚಾ." ಪರದೆಯ ಮೇಲೆ ಮೂರು ಸೊನ್ನೆ ಕೂತಿದ್ದವು.

ಆಗ ಅವರು ಹೇಳಿದ್ದು ಇದು.

ಹನ್ನೊಂದರ ನಸುಕಿಗೆ ಅವರ ಹೆಂಡತಿ ಗುಲಾಬಬಿಗೆ ರಕ್ತ ಹೋಗಲು ಶುರುವಾಯಿತು. ಏಳು ತಿಂಗಳ ಬಸುರಿ. ಹೊರಗೆ ಧೋ ಎಂದು ಮಳೆ. ಆರು ವರ್ಷದ ಮಗಳು ಸಲ್ಮಾಳನ್ನು ನೆರೆಮನೆಗೆ ಬಿಟ್ಟು, ಹೆಂಡತಿಯನ್ನು ಹೊತ್ತು ರಸ್ತೆಗೆ ಬಂದರು. ಟೆಂಪೊ ಸಿಕ್ಕಿತು. ಆದರೆ ಹಳ್ಳ ಮೈದುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ನೀರು ಇಳಿಯುವವರೆಗೆ ಈಚೆ ದಂಡೆಯಲ್ಲಿ ಕಾದರು. ಹಾವೇರಿ ಮುಟ್ಟಿದಾಗ ಹತ್ತೂವರೆ. ಗುಲಾಬಬಿ ಹಳ್ಳದ ದಂಡೆಯಲ್ಲೇ ಮಾತು ನಿಲ್ಲಿಸಿದ್ದಳು.

ಮಣ್ಣಿಗೆ ಬಂದ ಅವಳ ಅಣ್ಣ ಎಲ್ಲರ ಮುಂದೆ ಕೇಳಿದ: "ನಸುಕಿಗೆ ಬ್ಯಾನಿ ಬಂದ್ರ ಹತ್ತೂವರಿತನಾ ಏನ ಮಾಡಾಕತ್ತಿದ್ದಿ? ಡಬ್ಬಿ ನೋಡಾಕ ಹೋಗಿದ್ದಿ, ಹೌದಿಲ್ಲೋ?" ನಿಕಾಹದ ದಿನವೂ ಡಬ್ಬಿ ಬಿಡದವನು ಅಂದು ಬಿಟ್ಟನೆಂದು ಯಾರು ನಂಬುತ್ತಾರೆ? ಊರೇ ಆ ಮಾತಿಗೆ ತಲೆಯಾಡಿಸಿತು. ಸಲ್ಮಾಳನ್ನು ಮಾಮು ರಾಣೆಬೆನ್ನೂರಿಗೆ ಕರೆದೊಯ್ದ. ಅವಳು ಅದನ್ನೇ ಕೇಳುತ್ತ ಬೆಳೆದಳು. ಈಗ ಬೀಜದ ಕಂಪನಿಯೊಂದರಲ್ಲಿ ಕೆಲಸ, ಎರಡು ಮಕ್ಕಳು. ಈದ್‌ಗೆ ಬಂದರೂ ಬಾಗಿಲಲ್ಲೇ ಕೂತು ಎದ್ದುಹೋಗುತ್ತಾಳೆ.

"ಕಾರ್ಡ ತಿಂಗಳಿಗೊಮ್ಮೆ ಆಫೀಸಿಗೆ ಹೋಗಿ ಗಂಟಿನಾಗ ಬೀಳತಿತ್ತು. ಮತ್ತ ನಾ ಅದನ್ನ ನೋಡೇ ಇಲ್ಲ, ಇವತ್ತಿನ ತನಕಾ" ಎಂದು ಚಾಚಾ ಆ ಮೂರು ಗೀಟಿನ ಮೇಲೆ ಬೆರಳಾಡಿಸಿದರು. "ಸೊನ್ನಿ ಅಂದ್ರ ಮಳಿ ಇಲ್ಲ. ಗೀಟು ಅಂದ್ರ ನಾ ಇಲ್ಲ. ಮೂವತ್ನಾಲ್ಕ ವರ್ಷದಾಗ ಮೂರ ದಿನಾ ನಾ ಡಬ್ಬಿ ಕಡೆ ಹೋಗಿಲ್ಲ. ನಾಕನೇ ದಿನಾ ಹೋಗಿ ಮೂರೂ ದಿನದ್ದ ಕೂಡಿ ಅಳದೆ. ನಾ ಹೇಳಿದ್ರ ಮುದುಕನ ಮಾತು. ಸರ್ಕಾರ ಹೇಳಿದ್ರ ಖರೇ ಆಗತೈತಿ. ಸಲ್ಮಾ ಬೀಜದ ಕೆಲಸಕ್ಕ ಕಂಪ್ಯೂಟರಿನ್ಯಾಗ ಮಳಿ ಲೆಕ್ಕಾ ನೋಡತಿರ್ತಾಳ. ತಾನ ಹುಡುಕಿ ತಾನ ನೋಡ್ಲಿ."

ಆಗಲೇ ತಿದ್ದಬೇಕೆಂದುಕೊಂಡೆ, ದೇವರಾಣೆ. ಆದರೆ ಐದಕ್ಕೆ ಆ ದಿನದ ಕಂತನ್ನು ಬೆಂಗಳೂರಿಗೆ ಕಳಿಸಿ ಮುಚ್ಚಬೇಕಿತ್ತು. ಇನ್ನೂ ಒಂಬತ್ತು ಕಾರ್ಡು ಉಳಿದಿದ್ದವು. ಆಮೇಲೆ ನೋಡಿದರಾಯಿತು ಎಂದೆ. ಆಮೇಲೆ ಬಸ್ಸಿನ ಹೊತ್ತಾಯಿತು. ಮರುದಿನ ನೆನಪಿಗೆ ಬರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ. ಹುಡುಕಿದ್ದೇನೆ.

ಜೂನ್ ಮೊದಲಲ್ಲಿ ಜಾಲತಾಣ ತೆರೆಯಿತು. ಚಾಚಾ ಸೊನ್ನೆ ಸಕ್ಕರೆಯ ಚಹಾ ಕುಡಿಯುವವರು, ಅಂದು ಎಲ್ಲರಿಗೂ ಪೇಡೆ ತಂದು, ತಾವೂ ಒಂದು ತಿಂದರು. ಮಗಳಿಗೆ ಫೋನಿನಲ್ಲಿ ಊರು, ತಾರೀಖು ಹೇಳಿದರು.

ಎರಡು ದಿನದ ಮೇಲೆ ಮತ್ತೆ ಬಂದರು. ಕೊಡೆಯಿರಲಿಲ್ಲ. ಹೊರಗೆ ಮಳೆ, ಮೈಯೆಲ್ಲ ಒದ್ದೆ.

"ಸಲ್ಮಾ ಫೋನ್ ಮಾಡಿದ್ಳು" ಎಂದರು. "'ಅಬ್ಬಾ, ಆ ದಿನಾನೂ ನೀವು ಡಬ್ಬಿ ಕಡೆನ ಹೋಗೀರಿ. ಸೊನ್ನಿ ಬರದೀರಿ. ಮಳೀನ ಇರ್ಲಿಲ್ಲ, ಹಳ್ಳ ಎಲ್ಲಿಂದ ಬಂತು?' ಅಂದ್ಳು. ಅಷ್ಟ ಅಂದು ಇಟ್ಟಳು." ಸ್ವಲ್ಪ ಹೊತ್ತು ಪರದೆಯ ಮಂಜನ್ನೇ ನೋಡಿದರು. "ಗೀಟು ಹೊಡದೇನಿ ಅಂದಿದ್ದಿಯಲ್ಲಪಾ ನೀ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ.

"ನಾನ ಹೋಗಿ ಕಾರ್ಡಿನ ಫೋಟೋ ತೋರಿಸ್ತೇನ್ರಿ ಚಾಚಾ, ಇವತ್ತ ಹೋಗ್ತೇನಿ."

"ಬ್ಯಾಡ. ನಾನ ನಿನ್ನ ಕಳಿಸೇನಿ ಅಂತಾಳ. ಕಂಪ್ಯೂಟರಿನ್ಯಾಗನ ಬದಲ ಮಾಡು. ಲಗೂ ಆಗತೈತೇನು?"

"ಲಗೂ ಆಗತೈತ್ರಿ."

ತಿದ್ದುಪಡಿಯ ಅರ್ಜಿಯಲ್ಲಿ ಎರಡು ದಾರಿಗಳಿದ್ದವು. 'ಅಳತೆ ತೆಗೆಯದ ದಿನಗಳನ್ನೆಲ್ಲ ನಾನೇ ಸೊನ್ನೆ ಮಾಡಿದ್ದೇನೆ' ಎಂದು ಬರೆದರೆ ಬೆಂಗಳೂರಿನವರು ಅಂದೇ ಕೈಹಾಕುತ್ತಿದ್ದರು. ನನ್ನ ಎಲ್ಲ ಕಾರ್ಡುಗಳನ್ನೂ ವಾಪಸ್ ತೆಗೆಯುತ್ತಿದ್ದರು. ನನ್ನನ್ನೂ ತೆಗೆಯುತ್ತಿದ್ದರು. 'ಸಣ್ಣ ಬೆರಳಚ್ಚು ದೋಷ' ಎಂದು ಬರೆದರೆ ಅರ್ಜಿ ಸಾಲಿನ ಕೊನೆಯಲ್ಲಿ ನಿಲ್ಲುತ್ತಿತ್ತು. ನಾನು ಸಣ್ಣ ದೋಷ ಎಂದು ಬರೆದೆ. ಮದುವೆಯ ಮಾತುಕತೆ ನಡೆದಿತ್ತು. ಕೆಲಸವಿಲ್ಲದ ದತ್ತಾಂಶ ಸಹಾಯಕನ ಮುಂದೆ ಯಾರು ನೆಟ್ಟಗೆ ಕೂರುತ್ತಾರೆ?

ಚಾಚಾ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ. "ಆತೇನಪಾ?" "ನಾಳೆ ಆಗತೈತ್ರಿ ಚಾಚಾ." ಕಡೆಕಡೆಗೆ ಆ ಹೊತ್ತಿಗೆ ಬಸ್ಸಿನಲ್ಲಿ ಫೋನನ್ನು ಚೀಲದಲ್ಲಿಟ್ಟು ಮೋಟೆಬೆನ್ನೂರು ದಾಟುವವರೆಗೂ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆ. ಐದನೆಯ ವಾರ ಫೋನ್ ನಿಂತಿತು. ನನಗೆ ಹಗುರವೆನಿಸಿತು ಎಂಬುದನ್ನೂ ಇಲ್ಲಿ ಬರೆಯಬೇಕು.

ಜುಲೈ ನಡುವಿನಲ್ಲಿ ತಿದ್ದುಪಡಿ ಬಂತು. ಹನ್ನೊಂದು, ಹನ್ನೆರಡು, ಹದಿಮೂರು: ಮೂರು ಗೀಟು. ಕುರ್ಚಿಯಿಂದ ಎದ್ದು ನಿಂತೇ ಫೋನ್ ಹಚ್ಚಿದೆ.

"ಚಾಚಾ, ಆತ್ರಿ! ಗೀಟು ಬಂತು!"

ಆ ಕಡೆ ಹೆಣ್ಣು ದನಿ. "ನಾ ಅವರ ಮಗಳು, ಸಲ್ಮಾ. ಅಬ್ಬಾ ತೀರಿಕೊಂಡು ಹನ್ನೊಂದ ದಿನಾ ಆತ್ರಿ. ಯಾರು ನೀವು? ಎಂಥಾ ಗೀಟು?"

ಅಂದೇ ರಾಣೆಬೆನ್ನೂರಿಗೆ ಹೋದೆ. ಆರು ವಾರದಲ್ಲಿ ಹೋಗಲಾಗದಿದ್ದ ಊರು ಒಂದು ಬಸ್ಸಿನಷ್ಟೇ ದೂರವಿತ್ತು. ಬೀಜದ ಕಂಪನಿಯಲ್ಲಿ ಸಲ್ಮಾಳ ಮೇಜಿನ ಮೇಲೆ ಒದ್ದೆ ಕಾಗದದಲ್ಲಿ ಮೊಳಕೆಗಿಟ್ಟ ಹತ್ತಿಬೀಜ. ತಂದೆಯದೇ ಹಣೆ. ನಾನು ಎಲ್ಲ ಹೇಳಿದೆ: ಕೆಂಪು ಚೌಕ, ಸೊನ್ನೆ, ಸಣ್ಣ ದೋಷ, ಚೀಲದಲ್ಲಿಟ್ಟ ಫೋನು. ಕಾರ್ಡಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅವರು ಅದನ್ನು ಎರಡು ಬೆರಳಿಂದ ಹಿಗ್ಗಿಸಿ, ಹಿಗ್ಗಿಸಿ ನೋಡಿದರು. ಹದಿನಾಲ್ಕರ ಸಾಲಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು: ಮೂರು ದಿನ ನೋಡಿಲ್ಲ, ಕೂಡಿ ಬರೆದಿದೆ.

"ಆವತ್ತ ಫೋನಿನ್ಯಾಗ ನಾ ಅಂದದ್ದ ಕಡೀ ಮಾತಾತು" ಎಂದರು. "ಅದಾದ ಮ್ಯಾಲ ಅವರು ಮೂರ ಸಲ ಫೋನ್ ಮಾಡಿದ್ರು. ನಾ ಎತ್ತಲಿಲ್ಲ." ನನ್ನನ್ನು ನೋಡಿದರು. "ನೀವೂ ಎತ್ತಲಿಲ್ಲ."

ಅವರು ಮತ್ತೆ ಫೋನಿನ ಚಿತ್ರಕ್ಕೆ ಬಗ್ಗಿದರು.

"ಈ ಕಾರ್ಡ ಅವರ ಓದಿದ್ರೇನ್ರಿ? ನಿಮ್ಮ ಮುಂದ?"

"ಹೂಂನ್ರಿ."

"ಹೆಂಗ ಓದಿದ್ರು? ಓದ್ರಿ."

"ಹನ್ನೊಂದು, ಗೀಟು" ಎಂದೆ. ಚಾಚಾ ಓದುತ್ತಿದ್ದ ರಾಗವೇ ಬಾಯಿಗೆ ಬಂತು. "ಹನ್ನೆರಡು, ಗೀಟು. ಹದಿಮೂರು, ಗೀಟು."

ಸಲ್ಮಾ ಬೀಜದ ಕಾಗದದ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಹಿಂಡಿದ ನೀರು ಮೇಜಿನಿಂದ ಅವರ ಸೀರೆಯ ಮೇಲೆ ಇಳಿಯುತ್ತಿತ್ತು.

"ಹದಿನಾಲ್ಕು?"

"ನೂರಾ ಹತ್ತೊಂಬತ್ತು ಪಾಯಿಂಟ್ ಎರಡು."

"ಅಷ್ಟು ಮಳಿ ಇತ್ತು" ಎಂದರು. ಮತ್ತೊಮ್ಮೆ, ನನಗಲ್ಲದೆ ಇನ್ಯಾರಿಗೋ ಹೇಳುವಂತೆ, "ಅಷ್ಟು ಮಳಿ ಇತ್ತು, ಅಬ್ಬಾ."